ಮಗಳ ತರಗತಿಯಲ್ಲಿ ಇಡಿಟರಾಡ್ ನಾಯಿಬಂಡಿ ಓಟದ ಪಾಠ: ಸತ್ತ ನಾಯಿಯ ವಿಷಯ ಮಕ್ಕಳೊಂದಿಗೆ ಮಾತನಾಡಬೇಕೇ?

ಇಲಿನಾಯ್ ಅಮ್ಮ | ಮಾರ್ಚ್ 11, 2024, ಸೋಮವಾರ

ಎರಡು ದಿನದೊಳಗೆ ನಾನೊಂದು ತೀರ್ಮಾನಕ್ಕೆ ಬರಬೇಕಾಗಿದೆ. ಮಕ್ಕಳಿರುವವರು, ಪಾಠ ಹೇಳುವವರು ದಯವಿಟ್ಟು ಹೇಳಿ.

ನನ್ನ ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿ ಓದುತ್ತಿದ್ದಾಳೆ. ಫೆಬ್ರವರಿ ಕೊನೆಯ ವಾರದಿಂದ ಅವರ ತರಗತಿಯಲ್ಲಿ ಗಣಿತ, ಭೂಗೋಳ, ಓದು, ಬರಹ ಎಲ್ಲವೂ ಅಲಾಸ್ಕಾದ ಇಡಿಟರಾಡ್ ನಾಯಿಬಂಡಿ ಓಟದ ಸುತ್ತಲೇ ನಡೆಯುತ್ತಿವೆ. ಗೋಡೆಯ ತುಂಬ ಅಲಾಸ್ಕಾದ ನಕ್ಷೆ. ಪ್ರತಿಯೊಂದು ಮಗುವೂ ಒಬ್ಬ ಮಷರ್ ಅನ್ನು, ಅಂದರೆ ನಾಯಿಬಂಡಿ ಓಡಿಸುವವರನ್ನು, ಆರಿಸಿಕೊಂಡಿದೆ. ಬೆಳಿಗ್ಗೆ ಶಾಲೆಗೆ ಹೋದ ಕೂಡಲೇ ತಮ್ಮ ಮಷರ್ ಯಾವ ಚೆಕ್‌ಪಾಯಿಂಟ್ ತಲುಪಿದರು, ಎಷ್ಟು ನಾಯಿಗಳು ಉಳಿದಿವೆ, ಎಷ್ಟು ಹೊತ್ತು ನಿಂತರು ಎಂದು ನೋಡಿ ಬರೆದುಕೊಳ್ಳಬೇಕು, ನಕ್ಷೆಯಲ್ಲಿ ಗುಂಡುಸೂಜಿ ಸರಿಸಬೇಕು. ಸ್ಕ್ವೆಂಟ್ನಾ, ನಿಕೊಲಾಯ್, ಮೆಕ್‌ಗ್ರಾತ್, ರೂಬಿ, ಗಲೀನಾ ಎಂದು ಮಗಳು ಊಟಕ್ಕೆ ಕೂತಾಗ ಮಗ್ಗಿಯಂತೆ ಒಪ್ಪಿಸುತ್ತಾಳೆ.

ನಿನ್ನೆ ನುಲಾಟೊ ಎಂಬ ಊರಿನ ಹತ್ತಿರ ಒಂದು ತಂಡದ ಎರಡು ವರ್ಷದ ನಾಯಿ ಕುಸಿದು ಸತ್ತಿತು. ಆ ಮಷರ್ ಸ್ಪರ್ಧೆಯಿಂದ ಹಿಂದೆ ಸರಿದರು. ನನ್ನ ಮಗಳು ಆರಿಸಿಕೊಂಡಿದ್ದು ಅವರನ್ನೇ. ನಿನ್ನೆ ರಾತ್ರಿ ಅತ್ತು ಅತ್ತು ಮಲಗಿದಳು. ಇಂದು ಶಿಕ್ಷಕಿ ಎಲ್ಲ ಪೋಷಕರಿಗೆ ಪತ್ರ ಬರೆದಿದ್ದಾರೆ. ಬುಧವಾರ ಈ ಸಾವಿನ ಬಗ್ಗೆ ತರಗತಿಯಲ್ಲಿ ಮುಕ್ತವಾಗಿ ಮಾತನಾಡುತ್ತಾರಂತೆ. ಬೇಡವೆನ್ನುವವರ ಮಕ್ಕಳು ಆ ಒಂದು ಗಂಟೆ ಗ್ರಂಥಾಲಯದಲ್ಲಿ ಕೂರಬಹುದಂತೆ.

ಕಳುಹಿಸಲೇ, ಬೇಡವೇ? ನನ್ನ ಯಜಮಾನರು ಬೇಡವೆನ್ನುತ್ತಾರೆ. ನನಗೆ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಲೆಕ್ಕದ ಮೇಷ್ಟ್ರು | ಮಾರ್ಚ್ 12

ಅಮ್ಮಾ, ಮೈಸೂರಿನಲ್ಲಿ ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ನಾನು. ನೇರವಾಗಿ ಹೇಳುತ್ತೇನೆ. ಎಂಟು ವರ್ಷದ ಮಗುವಿಗೆ ಬೇಕಾದದ್ದು ಮಗ್ಗಿ, ಕೂಡು, ಕಳೆ, ಭಿನ್ನರಾಶಿಯ ಪರಿಚಯ. ಅದಕ್ಕೆ ಸಾವಿರ ಮೈಲಿ ಆಚೆಯ ನಾಯಿಗಳನ್ನು ತರುವ ಅಗತ್ಯವಿಲ್ಲ. ಮಗುವಿನ ಮನಸ್ಸನ್ನು ಒಂದು ಓಟಕ್ಕೆ ಕಟ್ಟಿಹಾಕಿ, ಆ ಓಟದಲ್ಲಿ ಕೆಡುಕಾದಾಗ ಗ್ರಂಥಾಲಯಕ್ಕೆ ಹೋಗೆಂದರೆ ಅದು ಪಾಠವಲ್ಲ. ಕಳುಹಿಸಬೇಡಿ.

ಮಿನಸೋಟಾ ಟೀಚರ್ | ಮಾರ್ಚ್ 12

ಮೇಷ್ಟ್ರೇ, ನಿಮ್ಮ ಅನುಭವಕ್ಕೆ ನಮಸ್ಕರಿಸಿಯೇ ನಿಮ್ಮ ಮಾತನ್ನು ಒಪ್ಪುವುದಿಲ್ಲ. ನಾನು ತುಮಕೂರಿನವಳು. ಇಲ್ಲಿ ಮೂರನೆಯ ಮತ್ತು ನಾಲ್ಕನೆಯ ತರಗತಿಗೆ ಪಾಠ ಮಾಡುತ್ತೇನೆ. ಇಡಿಟರಾಡ್ ಇಟ್ಟುಕೊಂಡು ಕಲಿಸುತ್ತಿರುವುದು ಇದು ಏಳನೆಯ ವರ್ಷ.

ಇದರಲ್ಲಿ ಲೆಕ್ಕ ಎಲ್ಲಿದೆ ಎಂದು ನೋಡಿ. ಓಟ ನಿಜವಾಗಿ ಆರಂಭವಾಗುವ ವಿಲೋ ಎಂಬ ಊರಿನಿಂದ ತಂಡಗಳು ಎರಡೆರಡು ನಿಮಿಷದ ಅಂತರದಲ್ಲಿ ಹೊರಡುತ್ತವೆ. ಮೊದಲು ಹೊರಟವರಿಗೆ ಆ ಲಾಭ ಉಳಿಯಬಾರದಲ್ಲವೇ? ಅದನ್ನು ಎಲ್ಲಿ ಸರಿಮಾಡುತ್ತಾರೆ ಗೊತ್ತೇ? ದಾರಿಯಲ್ಲಿ ಎಲ್ಲರೂ ಒಮ್ಮೆ 24 ಗಂಟೆ ಕಡ್ಡಾಯವಾಗಿ ನಿಲ್ಲಲೇಬೇಕು. ಆ ನಿಲುಗಡೆಗೆ ಈ ವ್ಯತ್ಯಾಸವನ್ನು ಕೂಡಿಸುತ್ತಾರೆ. ಕೊನೆಯ ತಂಡಕ್ಕಿಂತ ಮೂವತ್ತು ಸ್ಥಾನ ಮುಂದೆ ಹೊರಟವರು 24 ಗಂಟೆಯಲ್ಲ, 25 ಗಂಟೆ ನಿಲ್ಲಬೇಕು. ಇದನ್ನು ನಾನು ಮಕ್ಕಳಿಗೆ ಹೇಳಿಕೊಡುವುದಿಲ್ಲ. "ಮೊದಲು ಹೊರಟವರಿಗೆ ಅನುಕೂಲ, ಇದು ಅನ್ಯಾಯ" ಎಂದು ಯಾವುದಾದರೂ ಮಗು ಎದ್ದು ನಿಂತು ಹೇಳುವವರೆಗೆ ಕಾಯುತ್ತೇನೆ. ಪ್ರತಿ ವರ್ಷವೂ ಒಂದು ಮಗು ಎದ್ದು ನಿಲ್ಲುತ್ತದೆ. ಆಮೇಲೆ ನ್ಯಾಯ ಮಾಡುವುದು ಹೇಗೆಂದು ಅವರೇ ಲೆಕ್ಕ ಹಾಕುತ್ತಾರೆ.

ಇನ್ನೊಂದು. ನಾಯಿಗಳ ಪಾದಕ್ಕೆ ಬಟ್ಟೆಯ ಪುಟ್ಟ ಚೀಲ ಕಟ್ಟುತ್ತಾರೆ, ಬೂಟಿ ಎಂದು ಹೆಸರು. ನಾಯಿಯೊಂದಕ್ಕೆ ಎಂಟು ಬೂಟಿ ಇರಲೇಬೇಕೆಂಬುದು ನಿಯಮ. ಹನ್ನೆರಡು ನಾಯಿಗಳಿದ್ದರೆ ಎಷ್ಟು? ಎರಡು ನಾಯಿಗಳನ್ನು ಚೆಕ್‌ಪಾಯಿಂಟಿನಲ್ಲಿ ಬಿಟ್ಟರೆ ಎಷ್ಟು? ಎಂಟರ ಮಗ್ಗಿಯನ್ನು ಬಾಯಿಪಾಠ ಮಾಡಿಸಲು ನಾನು ಹೆಣಗಾಡಿದ್ದು ಮೊದಲ ವರ್ಷ ಮಾತ್ರ.

ಪಠ್ಯಪುಸ್ತಕದಲ್ಲಿ ರೈಲು ಯಾವಾಗ ತಲುಪುತ್ತದೆ ಎಂಬುದು ಕೊನೆಯ ಪುಟದಲ್ಲಿ ಅಚ್ಚಾಗಿರುತ್ತದೆ. ಇಲ್ಲಿ ಉತ್ತರ ನನಗೂ ಗೊತ್ತಿರುವುದಿಲ್ಲ. ಗಾಳಿ ಎದ್ದರೆ ಮಕ್ಕಳ ಅಂದಾಜೂ ನನ್ನ ಅಂದಾಜೂ ಒಟ್ಟಿಗೇ ತಪ್ಪುತ್ತವೆ.

ಕರಾವಳಿಗ | ಮಾರ್ಚ್ 12

ಇಡಿಟರಾಡ್ ಎಷ್ಟು ದೂರದ ಓಟ? ಯಾರಾದರೂ ನಮಗೆ ತಿಳಿಯುವ ಹಾಗೆ ಹೇಳಿ.

ಆಂಕರೇಜ್ ವಾಸಿ | ಮಾರ್ಚ್ 12

ಸುಮಾರು ಸಾವಿರ ಮೈಲಿ, ಅಂದರೆ 1,600 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ ಮರಳಿ ಬಂದಷ್ಟು ಎಂದುಕೊಳ್ಳಿ, ರಸ್ತೆಯಿಲ್ಲದೆ, ಹಿಮದ ಮೇಲೆ. ಅಲಾಸ್ಕಾ ಪರ್ವತಶ್ರೇಣಿ ದಾಟಿ, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಸಾಗಿ, ಬೇರಿಂಗ್ ಸಮುದ್ರದ ತೀರದಲ್ಲಿರುವ ನೋಮ್ ಪಟ್ಟಣ ಮುಟ್ಟಬೇಕು. ಅಧಿಕೃತವಾಗಿ 1,049 ಮೈಲಿ ಎನ್ನುವ ರೂಢಿಯೂ ಇದೆ. ಅದು ಅಳತೆಯಲ್ಲ, ಸಂಕೇತ. ಅಲಾಸ್ಕಾ ಅಮೆರಿಕದ 49ನೆಯ ರಾಜ್ಯ. ಸಮ ಸಂಖ್ಯೆಯ ವರ್ಷ ಉತ್ತರದ ದಾರಿ, ಬೆಸ ಸಂಖ್ಯೆಯ ವರ್ಷ ದಕ್ಷಿಣದ ದಾರಿ. ಈ ವರ್ಷ 2024, ಹಾಗಾಗಿ ರೂಬಿ, ಗಲೀನಾ, ನುಲಾಟೊ.

ಮಾರ್ಚ್ ಮೊದಲ ಶನಿವಾರ ಆಂಕರೇಜ್‌ನಲ್ಲಿ ನಡೆಯುವುದು ಮೆರವಣಿಗೆಯಂಥ ಆರಂಭ, ಅದರ ಸಮಯ ಲೆಕ್ಕಕ್ಕಿಲ್ಲ. ಹಿಂದಿನ ರಾತ್ರಿ ಲಾರಿಗಳಲ್ಲಿ ಹಿಮ ತಂದು ನಾಲ್ಕನೆಯ ಅವೆನ್ಯೂ ರಸ್ತೆಯ ಮೇಲೆ ಹಾಸುತ್ತಾರೆ. ನಾನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಹೊರಡುವ ಮೊದಲು ಆ ನಾಯಿಗಳು ಕಿರುಚುತ್ತವಲ್ಲ, ಆ ಸದ್ದು ಎದೆಯೊಳಗೆ ಕೇಳಿಸುತ್ತದೆ. ಬಂಡಿಯನ್ನು ಹಿಂದಕ್ಕೆ ಹಿಡಿದುಕೊಳ್ಳಲು ಜನ ಸಾಲಾಗಿ ನಿಂತಿರುತ್ತಾರೆ. ಹೊರಟ ಕ್ಷಣ ಪೂರ್ತಿ ಮೌನ.

ಓದುವ ಹಸಿವು | ಮಾರ್ಚ್ 12

1925ರಲ್ಲಿ ನೋಮ್ ಊರಿಗೆ ಗಂಟಲುಮಾರಿ ಬಂದಾಗ ನಾಯಿಗಳು ಔಷಧ ತಲುಪಿಸಿದ ನೆನಪಿಗೆ ಈ ಸ್ಪರ್ಧೆ ನಡೆಯುತ್ತದಲ್ಲವೇ? ಅಂಥ ಕಥೆ ಮಕ್ಕಳಿಗೆ ತಿಳಿಯುವುದು ಒಳ್ಳೆಯದೇ.

ಆಂಕರೇಜ್ ವಾಸಿ | ಮಾರ್ಚ್ 12

ಇದು ಬಹಳ ಜನರ ತಪ್ಪು ತಿಳಿವಳಿಕೆ. 1973ರಲ್ಲಿ ಆಂಕರೇಜ್‌ನಿಂದ ನೋಮ್‌ವರೆಗಿನ ಸ್ಪರ್ಧೆ ಆರಂಭಿಸಿದ ಜೋ ರೆಡಿಂಗ್ಟನ್ ಅವರ ಚಿಂತೆಯೇ ಬೇರೆ. ಹಿಮದ ಮೋಟಾರು ಗಾಡಿಗಳು ಬಂದು, ಹಳ್ಳಿಹಳ್ಳಿಗಳಲ್ಲಿ ಜನ ನಾಯಿ ಸಾಕುವುದನ್ನೇ ಬಿಡುತ್ತಿದ್ದರು. ಆ ನಾಯಿಗಳೂ, ಹಳೆಯ ಇಡಿಟರಾಡ್ ದಾರಿಯೂ ಅಳಿಯಬಾರದೆಂದು ಅವರು ಹೊರಟರು. ಆ ದಾರಿ ಚಿನ್ನದ ಗಣಿಗಳಿಗೆ ಸಾಮಾನು, ಅಂಚೆ ಒಯ್ಯುತ್ತಿದ್ದ ದಾರಿ. ಇಡಿಟರಾಡ್ ಎಂಬ ಊರು ಈಗ ಪಾಳುಬಿದ್ದಿದೆ.

1925ರ ಔಷಧದ ಪಯಣ ನೆನಾನಾದಿಂದ ನೋಮ್‌ಗೆ, 674 ಮೈಲಿ. ಇಪ್ಪತ್ತು ಮಂದಿ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಐದೂವರೆ ದಿನದಲ್ಲಿ ಮುಟ್ಟಿಸಿದರು. ಕೊನೆಯ ಭಾಗದ ದಾರಿ ಮಾತ್ರ ಎರಡಕ್ಕೂ ಒಂದೇ.

ಮಿನಸೋಟಾ ಟೀಚರ್ | ಮಾರ್ಚ್ 12

ಆಂಕರೇಜ್ ಅವರೇ, ಒಳ್ಳೆಯ ತಿದ್ದುಪಡಿ. ನಾನು ಮಕ್ಕಳಿಂದ ಮಾಡಿಸುವುದೂ ಇದನ್ನೇ. ನೋಮ್ ಊರಿಗೆ ಔಷಧದೊಂದಿಗೆ ಕೊನೆಗೆ ಬಂದದ್ದು ಗನ್ನರ್ ಕಾಸೆನ್ ಅವರ ತಂಡ, ಮುಂದಿದ್ದ ನಾಯಿ ಬಾಲ್ಟೊ. ಅದೇ ವರ್ಷದ ಕೊನೆಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೊ ಪ್ರತಿಮೆ ನಿಂತಿತು. ಆದರೆ ಎಲ್ಲರಿಗಿಂತ ಉದ್ದದ, ಅಪಾಯದ ಹಾದಿಯನ್ನು ಕ್ರಮಿಸಿದ್ದು ಲಿಯೊನಾರ್ಡ್ ಸೆಪ್ಪಾಲ ಮತ್ತು ಅವರ ನಾಯಿ ಟೋಗೊ. ಆ ಇಪ್ಪತ್ತು ಜನರಲ್ಲಿ ಅನೇಕರು ಅಲಾಸ್ಕಾದ ಮೂಲನಿವಾಸಿಗಳು. ಅವರ ಹೆಸರು ಎಷ್ಟು ಪುಸ್ತಕಗಳಲ್ಲಿದೆ ಎಂದು ಮಕ್ಕಳು ಗ್ರಂಥಾಲಯದಲ್ಲಿ ಹುಡುಕುತ್ತಾರೆ. ಯಾರ ಹೆಸರು ಉಳಿಯುತ್ತದೆ, ಯಾರದ್ದು ಉಳಿಯುವುದಿಲ್ಲ ಎಂದು ಒಂಬತ್ತು ವರ್ಷದ ಹುಡುಗನೊಬ್ಬ ನನ್ನನ್ನು ಕೇಳಿದಾಗ ನನಗೆ ಚರಿತ್ರೆಯ ಪಾಠ ಅಲ್ಲಿಂದಲೇ ಶುರುವಾಯಿತು ಎನ್ನಿಸಿತು.

ಹೆಬ್ಬಾಳದ ಹುಡುಗಿ | ಮಾರ್ಚ್ 12

ಕೆಡದಂತೆ ಕಾಪಾಡಿಟ್ಟ ಟೋಗೊನ ದೇಹ ಈಗ ಅಲಾಸ್ಕಾದ ವಸಿಲ್ಲಾದಲ್ಲಿರುವ ಇಡಿಟರಾಡ್ ಮುಖ್ಯ ಕಚೇರಿಯಲ್ಲಿದೆ, ಬಾಲ್ಟೊನದು ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿ. ಓಹಾಯೊದಲ್ಲಿ ಇರುವವರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ನೇರ ಮಾತು | ಮಾರ್ಚ್ 12

ಎಲ್ಲರೂ ಮೂಲ ಪ್ರಶ್ನೆ ಬಿಟ್ಟು ಎಲ್ಲೆಲ್ಲಿಗೋ ಹೋಗುತ್ತಿದ್ದೀರಿ. ಈ ತಾಯಿಯ ಮಗಳು ಅಳುತ್ತಿದ್ದಾಳೆ. ಒಂದು ನಾಯಿ ಮನುಷ್ಯರ ಸ್ಪರ್ಧೆಗಾಗಿ ಸತ್ತಿದೆ. ಇಂದು ಬೆಳಿಗ್ಗೆ ಇನ್ನೂ ಎರಡು ನಾಯಿಗಳು ಸತ್ತ ಸುದ್ದಿ ಬಂದಿದೆ, ನೋಡಿದಿರಾ? ಮೂರು ಜೀವ.

ಇನ್ನೊಂದು ಮಾತು. ಶಾಲೆಗಳು ಬಳಸುವ ಪಾಠದ ಸಾಮಗ್ರಿ ಬರುವುದೆಲ್ಲಿಂದ? ಬಹುಪಾಲು ಸ್ಪರ್ಧೆ ನಡೆಸುವವರಿಂದಲೇ. ಪ್ರತಿ ವರ್ಷ ಒಬ್ಬ ಶಿಕ್ಷಕರನ್ನು ಆರಿಸಿ, ದಾರಿಯುದ್ದಕ್ಕೂ ವಿಮಾನದಲ್ಲಿ ಕರೆದೊಯ್ದು, ಅವರಿಂದ ಪಾಠ ಬರೆಸುತ್ತಾರೆ. ಒಂದು ಕಾರ್ಖಾನೆಯ ಬಗ್ಗೆ ಆ ಕಾರ್ಖಾನೆಯೇ ಬರೆದ ಪಾಠವನ್ನು ನೀವು ನಿಮ್ಮ ಮಕ್ಕಳಿಗೆ ಓದಿಸುತ್ತೀರಾ? ಅಲಾಸ್ಕಾ ಏರ್‌ಲೈನ್ಸ್, ಎಕ್ಸಾನ್‌ಮೊಬಿಲ್‌ನಂಥ ದೊಡ್ಡ ಕಂಪನಿಗಳೇ ಪ್ರಾಯೋಜಕತ್ವ ಬಿಟ್ಟು ಹೋಗಿವೆ. ಶಾಲೆಗಳು ಮಾತ್ರ ಕಣ್ಣು ಮುಚ್ಚಿಕೊಂಡು ಬೂಟಿ ಎಣಿಸುತ್ತಿವೆ.

ಮಿನಸೋಟಾ ಟೀಚರ್ | ಮಾರ್ಚ್ 12

ಇನ್ನೆರಡು ನಾಯಿಗಳ ಸುದ್ದಿ ಈಗಷ್ಟೇ ಓದಿದೆ. ನನ್ನ ಮಕ್ಕಳಿಗೆ ನಾಳೆ ನಾನೇ ಹೇಳಬೇಕು. 2019ರ ನಂತರ ಸ್ಪರ್ಧೆಯಲ್ಲಿ ನಾಯಿ ಸತ್ತಿರಲಿಲ್ಲ. ಹಾಗಾಗಿ ಎಷ್ಟೋ ಶಿಕ್ಷಕರಿಗೆ ಈ ಮಾತು ಆಡುವ ಪ್ರಸಂಗವೇ ಬಂದಿರಲಿಲ್ಲ.

ಸಾಮಗ್ರಿಯ ಬಗ್ಗೆ ನಿಮ್ಮ ಟೀಕೆ ಸರಿ, ಒಪ್ಪುತ್ತೇನೆ. ನಾನೂ ಮೊದಲ ಮೂರು ವರ್ಷ ಅವರು ಕೊಟ್ಟದ್ದನ್ನೇ ಹಾಗೆಯೇ ಬಳಸಿದೆ. ಅದು ನನ್ನ ತಪ್ಪು. ಈಗ ಪೇಟಾದಂಥ ವಿರೋಧಿಗಳ ಮಾತನ್ನೂ, ಪಶುವೈದ್ಯರ ಮಾತನ್ನೂ, ಮಷರ್‌ಗಳ ಮಾತನ್ನೂ ಪಕ್ಕಪಕ್ಕ ಇಟ್ಟು ಓದಿಸುತ್ತೇನೆ. ಆದರೆ ಕಣ್ಣು ಮುಚ್ಚಿಕೊಂಡು ಎಂಬ ಮಾತನ್ನು ವಾಪಸು ತೆಗೆದುಕೊಳ್ಳಿ. ಇಲಿನಾಯ್ ಅಮ್ಮನ ಶಿಕ್ಷಕಿ ಪತ್ರ ಬರೆದದ್ದು ಕಣ್ಣು ತೆರೆದುಕೊಂಡೇ.

ಪಶುವೈದ್ಯ, ಬೀದರ್ ಕಡೆಯವನು | ಮಾರ್ಚ್ 12

ನನ್ನ ವೃತ್ತಿಯ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇವು ಚಿತ್ರಗಳಲ್ಲಿ ಕಾಣುವ ನೀಲಿ ಕಣ್ಣಿನ ದಪ್ಪ ಕೂದಲಿನ ಸೈಬೀರಿಯನ್ ಹಸ್ಕಿಗಳಲ್ಲ. ಬಹುತೇಕ ಅಲಾಸ್ಕನ್ ಹಸ್ಕಿಗಳು, ಓಟಕ್ಕೆಂದೇ ತಲೆಮಾರುಗಳಿಂದ ಬೆರೆಸಿ ಬೆಳೆಸಿದ ಮಿಶ್ರ ತಳಿ. ತೂಕ ಸುಮಾರು 20ರಿಂದ 25 ಕಿಲೋ. ಅಷ್ಟು ಸಣ್ಣ ದೇಹ ಸ್ಪರ್ಧೆಯ ದಿನಗಳಲ್ಲಿ ದಿನಕ್ಕೆ 10,000 ಕ್ಯಾಲರಿಯಷ್ಟು ತಿನ್ನುತ್ತದೆ. ನಮಗೆ ನಿಮಗೆ ಎರಡು, ಎರಡೂವರೆ ಸಾವಿರ ಸಾಕು. ನಾಯಿಗಳ ಆ ಆಹಾರದಲ್ಲಿ ದೊಡ್ಡ ಪಾಲು ಕೊಬ್ಬು. ಪಾದದಲ್ಲಿ ರಕ್ತನಾಳಗಳ ಜೋಡಣೆ ಹೇಗಿದೆಯೆಂದರೆ, ಕೆಳಗಿಳಿಯುವ ಬಿಸಿ ರಕ್ತ ಮೇಲೇರುವ ತಣ್ಣನೆಯ ರಕ್ತವನ್ನು ದಾರಿಯಲ್ಲೇ ಬೆಚ್ಚಗೆ ಮಾಡುತ್ತದೆ. ಹಿಮದ ಮೇಲೆ ನಿಂತರೂ ದೇಹದ ಶಾಖ ಸೋರಿಹೋಗುವುದಿಲ್ಲ. ಬೂಟಿ ಹಾಕುವುದು ಚಳಿಗಲ್ಲ, ಬೆರಳುಗಳ ನಡುವೆ ಮಂಜಿನ ಉಂಡೆ ಕಟ್ಟಿ ಚರ್ಮ ಸೀಳಬಾರದೆಂದು. ಈ ನಾಯಿಗಳಿಗೆ ಚಳಿಗಿಂತ ಸೆಕೆಯೇ ಹೆಚ್ಚು ಕಷ್ಟ. ಬಿಸಿಲಿನ ಹೊತ್ತು ಮಲಗಿ ರಾತ್ರಿ ಓಡುವುದು ಅದಕ್ಕೇ. ಇದನ್ನೆಲ್ಲ ಮಕ್ಕಳು ಪ್ರಯೋಗ ಮಾಡಿಯೇ ಕಲಿಯಬಹುದು. ಕೈಗವಸಿಗೆ ಎಣ್ಣೆ ತುಂಬಿದ ಪದರ ಹಾಕಿ ಐಸ್ ನೀರಿನಲ್ಲಿ ಕೈ ಅದ್ದಿಸಿದರೆ ಕೊಬ್ಬಿನ ಕೆಲಸ ತಕ್ಷಣ ತಿಳಿಯುತ್ತದೆ.

ಹೊರಡುವ ಮೊದಲು ಪ್ರತಿ ನಾಯಿಗೂ ರಕ್ತಪರೀಕ್ಷೆ, ಹೃದಯದ ಇಸಿಜಿ ಆಗುತ್ತದೆ. ಚೆಕ್‌ಪಾಯಿಂಟುಗಳಲ್ಲಿ ಪಶುವೈದ್ಯರಿರುತ್ತಾರೆ. ಕುಂಟುವ, ದಣಿದ ನಾಯಿಯನ್ನು ಅಲ್ಲೇ ಬಿಟ್ಟರೆ ಸಣ್ಣ ವಿಮಾನದಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಇಷ್ಟಾದರೂ ಸಾವು ಸಂಭವಿಸುತ್ತದೆ. ಕೆಲವೊಮ್ಮೆ ಶವಪರೀಕ್ಷೆಯಲ್ಲೂ ಕಾರಣ ಸಿಗುವುದಿಲ್ಲ. ಎಚ್ಚರಿಕೆ ತೆಗೆದುಕೊಂಡರೆ ಸಾವೇ ಬರುವುದಿಲ್ಲ ಎಂದು ಮಕ್ಕಳಿಗೆ ಹೇಳಬೇಡಿ. ಸಾವು ಬಂದಿದೆಯೆಂದರೆ ಯಾರೂ ಎಚ್ಚರಿಕೆ ವಹಿಸಿರಲಿಲ್ಲ ಎಂದೂ ಹೇಳಬೇಡಿ. ಎರಡೂ ಸುಳ್ಳು.

ನನ್ನ ಸ್ವಂತ ನಿಲುವು ಕೇಳಿದರೆ, ಸಾವಿರ ಮೈಲಿ ಬೇಕಾಗಿಲ್ಲ, ದೂರ ಕಡಿಮೆ ಮಾಡಬೇಕು. ಆದರೂ ಮಗುವನ್ನು ಆ ತರಗತಿಗೆ ಕಳುಹಿಸಿ ಎನ್ನುತ್ತೇನೆ.

ಕರಾವಳಿಗ | ಮಾರ್ಚ್ 12

ಡಾಕ್ಟರೇ, ಓದುತ್ತ ಓದುತ್ತ ನನಗೆ ಕಂಬಳ ನೆನಪಾಯಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದಲ್ಲಿ ಕೋಣಗಳಿದ್ದವು. ಅವುಗಳನ್ನು ಮನೆಮಕ್ಕಳಂತೆ ನೋಡಿಕೊಳ್ಳುತ್ತಿದ್ದುದು ನಾನು ಕಂಡ ಸತ್ಯ, ಓಟದ ದಿನ ಬಾರುಕೋಲು ಬೀಸುತ್ತಿದ್ದುದೂ ಕಂಡ ಸತ್ಯ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕಂಬಳಕ್ಕೆ ಅವಕಾಶ ಕೊಟ್ಟ ಕಾನೂನನ್ನು ಎತ್ತಿಹಿಡಿದಾಗ ನಾವೆಲ್ಲ ಸಂತೋಷಪಟ್ಟೆವು. ಇಲ್ಲಿ ಅಲಾಸ್ಕಾದವರನ್ನು ಬೈಯುವ ಮುನ್ನ ನಾನು ನನ್ನ ಮಗನಿಗೆ ಅದನ್ನೂ ವಿವರಿಸಬೇಕಾಗುತ್ತದೆ. ಹೇಗೆಂದು ಇನ್ನೂ ತಿಳಿದಿಲ್ಲ.

ನೇರ ಮಾತು | ಮಾರ್ಚ್ 12

ಕರಾವಳಿಗರೇ, ಕಂಬಳ ಸುಮಾರು ನೂರೈವತ್ತು ಮೀಟರಿನಲ್ಲಿ ಮುಗಿಯುತ್ತದೆ. ಒಂಬತ್ತು ದಿನದ ಓಟದೊಂದಿಗೆ ಹೋಲಿಸುವುದು ಸರಿಯಲ್ಲ.

ಟೀಚರ್ ಅವರೇ, ಕಣ್ಣು ಮುಚ್ಚಿಕೊಂಡು ಎಂದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ನಿಮ್ಮಂತೆ ಎರಡೂ ಕಡೆ ಓದಿಸುವವರು ಹೆಚ್ಚಾಗಲಿ. ಸ್ಪರ್ಧೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹೆಬ್ಬಾಳದ ಹುಡುಗಿ | ಮಾರ್ಚ್ 12

ಈ ವರ್ಷ ಒಬ್ಬ ಮಷರ್‌ಗೆ ಎರಡು ಗಂಟೆ ದಂಡ ಹಾಕಿದ್ದೇಕೆ? ನನ್ನ ತಂಗಿಯ ಮಗ ಮೂಸ್ ಮೂಸ್ ಎಂದು ಒಂದು ವಾರದಿಂದ ಹೇಳುತ್ತಿದ್ದಾನೆ, ನಮಗೆ ಯಾರಿಗೂ ಅರ್ಥವಾಗಲಿಲ್ಲ.

ಆಂಕರೇಜ್ ವಾಸಿ | ಮಾರ್ಚ್ 12

ಡಲ್ಲಾಸ್ ಸೀವಿ. ದಾರಿಯಲ್ಲಿ ಮೂಸ್ (ಕಡವೆಯ ಬಳಗದ ಭಾರೀ ಪ್ರಾಣಿ, ನಮ್ಮ ಕುದುರೆಗಿಂತ ಎತ್ತರ) ತಂಡದ ಮೇಲೆ ಎರಗಿ ಒಂದು ನಾಯಿಗೆ ತೀವ್ರ ಗಾಯ ಮಾಡಿತು. ಅವರು ಅದನ್ನು ಗುಂಡಿಟ್ಟು ಕೊಂದರು. ನಾಯಿ ಬದುಕಿತು. ಹೀಗೆ ಕೊಂದ ಪ್ರಾಣಿಯ ಮಾಂಸ ಕೆಡಬಾರದು, ಜನರ ಊಟಕ್ಕೆ ಸಲ್ಲಬೇಕು. ಆದ್ದರಿಂದ ಕೊಂದವರೇ ಒಡನೆ ಕರುಳು ತೆಗೆದು ಶುಚಿ ಮಾಡಬೇಕೆಂಬುದು ನಿಯಮ. ಅದನ್ನು ಸರಿಯಾಗಿ ಮಾಡಲಿಲ್ಲವೆಂದು ಎರಡು ಗಂಟೆ ದಂಡ. ಅದನ್ನೂ ಆ 24 ಗಂಟೆಯ ನಿಲುಗಡೆಗೇ ಸೇರಿಸಿದರು.

ಮಿನಸೋಟಾ ಟೀಚರ್ | ಮಾರ್ಚ್ 12

ಈ ದಂಡ ಸರಿಯೇ ಎಂದು ನನ್ನ ತರಗತಿಯಲ್ಲಿ ನಲವತ್ತು ನಿಮಿಷ ವಾದ ನಡೆಯಿತು. ಗಾಯಗೊಂಡ ನಾಯಿ ಪಕ್ಕದಲ್ಲಿರುವಾಗ ಕತ್ತಲಲ್ಲಿ ಮಾಂಸ ಶುಚಿ ಮಾಡುತ್ತ ಕೂರಲಾಗುತ್ತದೆಯೇ ಎಂದು ಒಂದು ಗುಂಪು. ಚಳಿಗಾಲದಲ್ಲಿ ಆ ಊರುಗಳ ಜನರಿಗೆ ಮಾಂಸ ಎಷ್ಟು ಮುಖ್ಯ ಎಂದು ಇನ್ನೊಂದು ಗುಂಪು. ನಾನು ಬಾಯಿ ಬಿಡಲಿಲ್ಲ.

ಓದುವ ಹಸಿವು | ಮಾರ್ಚ್ 12

ಗೆದ್ದರಂತೆ! ಡಲ್ಲಾಸ್ ಸೀವಿ ಈಗ ತಾನೇ ನೋಮ್ ತಲುಪಿದರು. ಆರನೆಯ ಗೆಲುವು. ಇಷ್ಟು ಸಲ ಯಾರೂ ಗೆದ್ದಿಲ್ಲ. ದಂಡ ತೆತ್ತೂ ಮೊದಲು ಬಂದಿದ್ದಾರೆ.

ಲೆಕ್ಕದ ಮೇಷ್ಟ್ರು | ಮಾರ್ಚ್ 13

ನಿನ್ನೆಯಿಂದ ನಾನೂ ಆ ನಕ್ಷೆಯನ್ನು ನೋಡುತ್ತಿದ್ದೇನೆ. ಬಂಡಿಗಳಿಗೆ ಜಿಪಿಎಸ್ ಕಟ್ಟಿರುವುದರಿಂದ ಮೈಸೂರಿನಲ್ಲಿ ಕೂತೇ ನೋಡಬಹುದು. ಕುತೂಹಲ ಹುಟ್ಟಿಸುತ್ತದೆ, ಒಪ್ಪಿದೆ.

ಆದರೆ ಒಂದು ಆಕ್ಷೇಪ. ಟೀಚರ್ ಅವರು ಲೆಕ್ಕದ ಬಗ್ಗೆ ಅಷ್ಟು ಹೇಳಿದರು. ನಾನು ಗೆದ್ದವರ ಸಮಯವನ್ನೇ ಪರೀಕ್ಷಿಸಿದೆ. ವಿಲೋದಿಂದ ಓಟ ಆರಂಭವಾದದ್ದು ಮಾರ್ಚ್ 3, ಭಾನುವಾರ ಮಧ್ಯಾಹ್ನ 2 ಗಂಟೆಗೆ. ಎರಡೆರಡು ನಿಮಿಷದ ಅಂತರ ನಿಲುಗಡೆಯಲ್ಲಿ ಸರಿಹೋಗುವುದರಿಂದ ಎಲ್ಲರಿಗೂ 2 ಗಂಟೆಯೇ ಲೆಕ್ಕ. ನೋಮ್ ತಲುಪಿದ್ದು ಮಾರ್ಚ್ 12, ಮಂಗಳವಾರ ಸಂಜೆ 5 ಗಂಟೆ 16 ನಿಮಿಷಕ್ಕೆ. ಭಾನುವಾರ 2ರಿಂದ ಮುಂದಿನ ಮಂಗಳವಾರ 2ರವರೆಗೆ ಒಂಬತ್ತು ದಿನ. ಅಲ್ಲಿಂದ 5:16ಕ್ಕೆ 3 ಗಂಟೆ 16 ನಿಮಿಷ. ಒಟ್ಟು 9 ದಿನ 3 ಗಂಟೆ 16 ನಿಮಿಷ. ಅವರು ಪ್ರಕಟಿಸಿರುವುದು 9 ದಿನ 2 ಗಂಟೆ 16 ನಿಮಿಷ. ಎರಡೂ ಊರು ಒಂದೇ ರಾಜ್ಯ, ಒಂದೇ ಕಾಲವಲಯ. ಎರಡು ಸಲ ತಾಳೆ ನೋಡಿದೆ. ಒಂದು ಗಂಟೆಯ ತಪ್ಪನ್ನು ಪ್ರಕಟಿಸುವವರನ್ನು ನಂಬಿ ಮಕ್ಕಳಿಗೆ ಲೆಕ್ಕ ಕಲಿಸುವುದೇ?

ಕರಾವಳಿಗ | ಮಾರ್ಚ್ 13

ಮೇಷ್ಟ್ರು ಹೇಳಿದ್ದು ಸರಿ ಕಾಣುತ್ತದೆ. ನಾನೂ ಕೂಡಿ ನೋಡಿದೆ. ಆ ಎರಡು ಗಂಟೆ ದಂಡದಲ್ಲಿ ಏನಾದರೂ ಸಡಿಲಿಕೆ ಕೊಟ್ಟರೇ?

ಆಂಕರೇಜ್ ವಾಸಿ | ಮಾರ್ಚ್ 13

ಇಲ್ಲ, ದಂಡ ಪೂರ್ತಿ ಅನುಭವಿಸಿಯೇ ಹೊರಟರು. ಅದು ಗಡಿಯಾರದಲ್ಲೇ ಸೇರಿಹೋಗಿದೆ, ಬೇರೆ ಕೂಡಿಸಬೇಕಾಗಿಲ್ಲ. ಈ ಒಂದು ಗಂಟೆ ಎಲ್ಲಿ ಹೋಯಿತೆಂದು ನಾನೂ ಯೋಚಿಸುತ್ತಿದ್ದೇನೆ.

ಇಲಿನಾಯ್ ಅಮ್ಮ | ಮಾರ್ಚ್ 13, ಬುಧವಾರ

ಎಲ್ಲರ ಮಾತನ್ನೂ ಓದಿದೆ, ಯಜಮಾನರಿಗೂ ಓದಿ ಹೇಳಿದೆ. ಡಾಕ್ಟರ್ ಬರೆದದ್ದನ್ನು ಅವರು ಎರಡು ಸಲ ಓದಿಸಿಕೊಂಡರು. ಇಂದು ಮಗಳನ್ನು ಆ ಪಾಠಕ್ಕೆ ಕಳುಹಿಸಿದೆವು.

ತರಗತಿಯಲ್ಲಿ ನಡೆದದ್ದನ್ನು ಅವಳು ಹೇಳಿದಂತೆ ಬರೆಯುತ್ತೇನೆ. ಶಿಕ್ಷಕಿ ಮೊದಲು ಸತ್ತ ಮೂರು ನಾಯಿಗಳ ಹೆಸರನ್ನು ಹಲಗೆಯ ಮೇಲೆ ಬರೆದರಂತೆ. ತಿಳಿದದ್ದು ಎಂದು ಒಂದು ಕಡೆ, ತಿಳಿಯದೆ ಇರುವುದು ಎಂದು ಇನ್ನೊಂದು ಕಡೆ ಗೆರೆ ಎಳೆದು, ಮಕ್ಕಳು ಹೇಳಿದ್ದನ್ನು ಅಲ್ಲಲ್ಲಿ ಬರೆದರಂತೆ. ತಿಳಿಯದೆ ಇರುವುದರ ಕಡೆಯೇ ಉದ್ದವಾಯಿತಂತೆ. ಒಬ್ಬ ಹುಡುಗ ಇನ್ನು ಮುಂದೆ ಈ ಓಟವನ್ನು ನೋಡುವುದಿಲ್ಲ ಎಂದನಂತೆ. ಅವನಿಗೆ ಶಿಕ್ಷಕಿ ಸರಿ ಎಂದು, ನಾಳೆಯಿಂದ ಅವನಿಗೆ ಬೇರೆ ಲೆಕ್ಕ ಕೊಡುತ್ತೇನೆ ಎಂದರಂತೆ. ನನ್ನ ಮಗಳು ಆ ಮಷರ್‌ಗೆ ಪತ್ರ ಬರೆದಿದ್ದಾಳೆ. ಅದರಲ್ಲಿ ಏನಿದೆ ಎಂದು ನನಗೆ ತೋರಿಸಲಿಲ್ಲ. ಅಂಚೆಚೀಟಿ ಮಾತ್ರ ಕೇಳಿದಳು.

ಈಗ ಇನ್ನೊಂದು ವಿಷಯ. ಮೇಷ್ಟ್ರ ಲೆಕ್ಕವನ್ನು ಅವಳಿಗೆ ಓದಿ ಹೇಳಿದೆ. ಅವಳು ಕೂಡಲೇ, "ಅಮ್ಮಾ, ಭಾನುವಾರ ನಾವು ಗಡಿಯಾರ ಮುಂದೆ ಮಾಡಲಿಲ್ಲವೇ? ಅವರೂ ಮಾಡಿರುತ್ತಾರೆ" ಎಂದಳು.

ಮಾರ್ಚ್ 10ರ ಭಾನುವಾರ ಅಮೆರಿಕದಲ್ಲಿ ಬೇಸಿಗೆಯ ಸಮಯ ಶುರುವಾಯಿತು. ಅಲಾಸ್ಕಾದಲ್ಲೂ ರಾತ್ರಿ 2 ಗಂಟೆಯ ಗಡಿಯಾರ ನೇರವಾಗಿ 3ಕ್ಕೆ ಹಾರಿತು. ಆ ಭಾನುವಾರಕ್ಕೆ 23 ಗಂಟೆ ಮಾತ್ರ. ಓಟ ನಡೆಯುತ್ತಿರುವಾಗಲೇ ಇದು ಆದದ್ದು.

ಆಂಕರೇಜ್ ವಾಸಿ | ಮಾರ್ಚ್ 13

ಇಷ್ಟು ವರ್ಷ ಇಲ್ಲಿದ್ದೂ ನನಗೆ ಹೊಳೆಯಲಿಲ್ಲ! ಓಟ ಮಾರ್ಚ್ ಮೊದಲ ಶನಿವಾರ ಆರಂಭ, ಗಡಿಯಾರ ಬದಲಾಗುವುದು ಎರಡನೆಯ ಭಾನುವಾರ. ಹಾಗಾದರೆ ಹೆಚ್ಚಿನ ವರ್ಷಗಳಲ್ಲಿ ಓಟದ ನಡುವೆಯೇ ಬದಲಾಗುತ್ತದೆ.

ಮಿನಸೋಟಾ ಟೀಚರ್ | ಮಾರ್ಚ್ 13

ಮಗುವಿಗೆ ನನ್ನದೊಂದು ಮುತ್ತು ಕೊಡಿ. ಇದನ್ನು ನಾನು ಮುಂದಿನ ವರ್ಷ ಮಕ್ಕಳಿಗೆ ಹೇಳದೆ ಬಿಡುತ್ತೇನೆ. ಯಾರು ಕಂಡುಹಿಡಿಯುತ್ತಾರೋ ನೋಡೋಣ.

ಲೆಕ್ಕದ ಮೇಷ್ಟ್ರು | ಮಾರ್ಚ್ 14

ಮಗು ಹೇಳಿದ್ದೇ ಸರಿ. ನನ್ನ ಆಕ್ಷೇಪವನ್ನು ಹಿಂತೆಗೆದುಕೊಂಡಿದ್ದೇನೆ. ನಮ್ಮ ದೇಶದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಹಾಗಾಗಿ ದಿನವೆಂದರೆ 24 ಗಂಟೆ ಎಂದೇ ಹಿಡಿದೆ. ಎಲ್ಲ ದತ್ತಾಂಶವನ್ನೂ ಪರೀಕ್ಷಿಸಿ ಎಂದು ಮಕ್ಕಳಿಗೆ ಸಾವಿರ ಸಲ ಹೇಳಿದವನು ನಾನು ಆ ಒಂದನ್ನು ಪರೀಕ್ಷಿಸಲಿಲ್ಲ.

ಅಮ್ಮಾ, ನಿಮ್ಮ ಮಗಳು ಒಪ್ಪಿದರೆ ಅವಳಿಗೆ ನಾನೊಂದು ಲೆಕ್ಕ ಕಳುಹಿಸುತ್ತೇನೆ. ವೈಟ್ ಮೌಂಟನ್ ಎಂಬಲ್ಲಿ ಎಲ್ಲರೂ 8 ಗಂಟೆ ನಿಲ್ಲಲೇಬೇಕು, ಅಲ್ಲಿಂದ ನೋಮ್‌ಗೆ 77 ಮೈಲಿ. ಈಗ ಕೊನೆಯಲ್ಲಿರುವ ತಂಡದ ಹಿಂದಿನ ಮೂರು ಹಂತಗಳ ವೇಗ ನೋಡಿ ಅವರು ಯಾವ ದಿನ, ಎಷ್ಟು ಹೊತ್ತಿಗೆ ತಲುಪುತ್ತಾರೆಂದು ಅವಳು ಅಂದಾಜು ಮಾಡಲಿ. ನಾನೂ ಮಾಡುತ್ತೇನೆ. ಇಬ್ಬರೂ ಬರೆದಿಟ್ಟು ಆಮೇಲೆ ತಾಳೆ ನೋಡೋಣ.

ನೇರ ಮಾತು | ಮಾರ್ಚ್ 14

ಮೇಷ್ಟ್ರೇ, ಆ ತಂಡದ ನಾಯಿಗಳೆಲ್ಲ ಆರೋಗ್ಯವಾಗಿ ತಲುಪಲಿ ಎಂಬುದಷ್ಟೇ ನನ್ನ ಆಸೆ.

ಇಲಿನಾಯ್ ಅಮ್ಮ | ಮಾರ್ಚ್ 14, ಗುರುವಾರ

ಮಗಳು ಒಪ್ಪಿದ್ದಾಳೆ ಮೇಷ್ಟ್ರೇ. ಗಾಳಿಯ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಎಂದು ಕೇಳುತ್ತಿದ್ದಾಳೆ.

ನೋಮ್‌ನಲ್ಲಿ ಓಟದ ಆರಂಭದ ದಿನ ಒಂದು ದೀಪ ಹಚ್ಚಿಡುತ್ತಾರಂತೆ. ಕೊನೆಯ ಮಷರ್ ಬರುವವರೆಗೂ ಅದನ್ನು ಆರಿಸುವುದಿಲ್ಲ, ಕೊನೆಗೆ ಬಂದವರಿಗೆ ಕೆಂಪು ಲಾಟೀನಿನ ಗೌರವ ಕೊಡುತ್ತಾರಂತೆ. ಇವರ ತರಗತಿಯಲ್ಲೂ ಬಾಗಿಲಿಗೆ ಕೆಂಪು ಕಾಗದದ ಲಾಟೀನು ಕಟ್ಟಿದ್ದಾರೆ. ಗೆದ್ದವರು ಮಂಗಳವಾರವೇ ಬಂದರೂ ಯಾರೂ ಅದನ್ನು ಮುಟ್ಟಿಲ್ಲ. ದಾರಿಯಲ್ಲಿ ಇನ್ನೂ ತಂಡಗಳಿವೆ. ತನ್ನ ಮಷರ್ ಮನೆಗೆ ಹೋದ ಮೇಲೆ ಮಗಳು ತನ್ನ ಗುಂಡುಸೂಜಿಯನ್ನು ಕೊನೆಯ ತಂಡಕ್ಕೆ ಕೊಟ್ಟಿದ್ದಾಳೆ. ಇಂದು ಬೆಳಿಗ್ಗೆ ಅದನ್ನು ಸರಿಸಬೇಕೆಂದು ಬಸ್ಸಿಗೆ ಹತ್ತು ನಿಮಿಷ ಮೊದಲೇ ಹೋಗಿ ನಿಂತಿದ್ದಳು.